ಬಕೆಟ್ ಎರ್ರಪ್ಪನವರಿಗೆ ನಮಸ್ಕಾರ

ಶಿಡ್ಲಘಟ್ಟ
12 ಜೂನ್ 2024

ಚಿ. ಶ್ರೀವಲ್ಲಿಗೆ ಮಾವ ಮಾಡುವ ಆಶೀರ್ವಾದಗಳು.

ಇತ್ತ ನಾನು ಕ್ಷೇಮ. ಕ್ಷೇಮವೆಂದರೇನು, ವ್ಯಾಖ್ಯಾನಿಸಿ ಎಂದು ನೀನು ಗಣಿತದ ಮೇಡಂ ಗತ್ತಿನಲ್ಲಿ ಕೇಳಬಹುದು. ಬಿ.ಪಿ. ಇದ್ದಲ್ಲೇ ಇದೆ, ಮಂಡಿ ಇದ್ದಲ್ಲಿಲ್ಲ, ಕಿವಿಗಳೆರಡೂ ನನಗಿಂತ ಮೊದಲೇ ಸ್ವಯಂ ನಿವೃತ್ತಿ ಪಡೆದಿವೆ. ಮೂವತ್ತೊಂದು ವರ್ಷ ಐ.ಟಿ.ಐ.ನಲ್ಲಿ ಹುಡುಗರ ಕೈಲಿ ತಗಡು ಬಡಿಸಿದ ಪುಣ್ಯಫಲ. ಪಕ್ಕದ ಮನೆಯ ರೇಷ್ಮೆ ನೂಲು ತೆಗೆಯುವ ಯಂತ್ರ ಹಗಲೆಲ್ಲ ಗರಗರ ಅನ್ನುತ್ತದಂತೆ. ಈ ವಠಾರದಲ್ಲಿ ಬಾಡಿಗೆಗೆ ಬಂದವರೆಲ್ಲ ಮೂರು ತಿಂಗಳಿಗೆ ಓಡಿಹೋದರು. ನಾನೊಬ್ಬ ಪರಮಾನಂದದಲ್ಲಿದ್ದೇನೆ. ಫೋನಿನಲ್ಲಿ ನೀನು ಏನು ಹೇಳಿದರೂ ನನಗೆ ಗಾಳಿ ಊದಿದಂತೆ. ಆದ್ದರಿಂದ ನಾವಿಬ್ಬರೂ ಈ ಕಾಲದಲ್ಲೂ ಅಂಚೆ ಇಲಾಖೆಯನ್ನು ಬದುಕಿಸಿಟ್ಟಿದ್ದೇವೆ. ಇಲಾಖೆ ಇದನ್ನು ಮರೆಯಬಾರದು.

ನಿನ್ನ ತರಗತಿಗೆಂದು ಎರಡು ಡಬ್ಬಿಗಳನ್ನು ಕಂಡಕ್ಟರ್ ರಮೇಶ್‌ಬಾಬು ಕೈಲಿ ಕಳಿಸಿದ್ದೇನೆ. ಒಂದು ಆರು ಮುಖದ್ದು, ಒಂದು ನಾಲ್ಕು ಮುಖದ್ದು. ಹಿತ್ತಾಳೆ ತಗಡಿನ ಮೇಲೆ ನಕ್ಷೆ ಗೀರಿ, ಮಡಿಸುವ ಗೆರೆಯನ್ನು ಅರ್ಧ ದಪ್ಪ ಉಳಿಯುವಂತೆ ಕೆರೆದು, ಮಡಿಸಿ, ಅಂಚಿಗೆ ಅಂಚು ಕೂಡಿಸಿ ಬೆಸುಗೆ ಹಾಕಿದ್ದು. ಅಂಚುಗಳು ಚೂಪಾಗಿವೆ, ಮಕ್ಕಳ ಬೆರಳು ಜೋಪಾನ. ಪ್ರತಿಯೊಂದರಲ್ಲೂ ಒಂದು ಸೂಜಿತೂತು ಕಾಣಿಸುತ್ತದೆ. ಅದು ದೋಷವಲ್ಲ. ಯಾಕೆಂದು ಬಂದಾಗ ಹೇಳುತ್ತೇನೆ. ಎಲ್ಲವನ್ನೂ ಕಾಗದದಲ್ಲೇ ಹೇಳಿಬಿಟ್ಟರೆ ಬರುವುದಕ್ಕೆ ಕಾರಣ ಏನುಳಿಯುತ್ತದೆ?

ಮೇ ತಿಂಗಳಲ್ಲಿ ಬಂದಾಗ ನೀನು ಅರ್ಧ ಊಟಕ್ಕೇ ಎದ್ದುಬಿಟ್ಟೆ. ನನ್ನ ಹುಳಿಯ ಮೇಲಿನ ಈ ಕಟುವಿಮರ್ಶೆಯನ್ನು ವಿನಯದಿಂದ ಸ್ವೀಕರಿಸಿದ್ದೇನೆ. ಈಗ ಹುಣಿಸೆಹಣ್ಣು ಕಡಿಮೆ ಹಾಕುತ್ತಿದ್ದೇನೆ.

ಮಗ ಗಣೇಶ್ ಪ್ರಸಾದ್ ಹೋಗಿ ಐದು ವರ್ಷವಾಯಿತು, ನಿಮ್ಮತ್ತೆ ಜಾನಕಮ್ಮ ಹೋಗಿ ಮೂರು, ನಿನಗೆ ಗೌರಿಬಿದನೂರಿಗೆ ವರ್ಗವಾಗಿ ಎರಡು. ಐದು, ಮೂರು, ಎರಡು. ಇದೆಂಥ ಶ್ರೇಢಿ, ಮುಂದಿನ ಸಂಖ್ಯೆ ಯಾವುದು ಎಂದು ನಿನ್ನ ಮಕ್ಕಳಿಗೆ ಕೇಳು.

ಬರುವ ತಿಂಗಳ ಎರಡನೇ ಭಾನುವಾರ ತಪ್ಪಿಸಬೇಡ.

ನಿನ್ನ ಮಾವ,
ಚೆನ್ನಕೇಶವ


ಗೌರಿಬಿದನೂರು
25 ಜೂನ್ 2024

ಪೂಜ್ಯ ಮಾವಯ್ಯನವರಿಗೆ ಶ್ರೀವಲ್ಲಿಯ ನಮಸ್ಕಾರಗಳು.

ಡಬ್ಬಿಗಳು ಕ್ಷೇಮವಾಗಿ ತಲುಪಿದವು. ರಮೇಶ್‌ಬಾಬು ಅವನ್ನು ನನ್ನ ಕೈಗೆ ಕೊಡುವಾಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಕೊಟ್ಟರು. "ಮೇಡಂ, ನಿಮ್ಮ ಮಾವ ಇದು ಸಿಡಿಯಲ್ಲ ಅಂತ ಎರಡು ಸಲ ಹೇಳಿದ್ರು. ನಾನು ಕೇಳದೇ ಇದ್ದಾಗ ಯಾಕೆ ಹೇಳಿದ್ರು ಅಂತ ಭಯ ಆಯ್ತು" ಅಂದರು. ಪುಣ್ಯಾತ್ಮರು ಅವನ್ನು ಮಂಚೇನಹಳ್ಳಿಯಿಂದ ಇಲ್ಲಿಯವರೆಗೂ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದಾರೆ.

ಒಂಬತ್ತನೇ ಕ್ಲಾಸಿನಲ್ಲಿ ಭಾನುಪ್ರಿಯಾ ಅಂತ ಒಬ್ಬಳಿದ್ದಾಳೆ. ನಾಲ್ಕು ಮುಖದ್ದನ್ನು ಕೈಯಲ್ಲಿ ಹಿಡಿದು ಅಂಚು ಎಣಿಸಿ, ಶೃಂಗ ಎಣಿಸಿ, ಎಲ್ಲ ಸರಿಯಾಗಿ ಹೇಳಿ, ಕೊನೆಗೆ "ಸಮೋಸಾನೇ ಅಲ್ವಾ ಮೇಡಂ" ಅಂದಳು. ಇನ್ನು ಈ ವರ್ಷವಿಡೀ ಅದು ಸಮೋಸಾನೇ.

ಮಾವಯ್ಯ, ಐದು ಮೂರು ಎರಡು ಶ್ರೇಢಿ ಅಲ್ಲ. ಅವಿಭಾಜ್ಯ ಸಂಖ್ಯೆಗಳು, ಇಳಿಕೆ ಕ್ರಮದಲ್ಲಿ. ಎರಡಾದ ಮೇಲೆ ಇನ್ನು ಯಾವುದೂ ಇಲ್ಲ. ಅಲ್ಲಿಗೆ ಮುಗೀತು.

ಎರಡನೇ ಭಾನುವಾರ ಬರೋಕಾಗಲ್ಲ. ತರಬೇತಿ ಅಂತೆ, ಚಿಕ್ಕಬಳ್ಳಾಪುರದಲ್ಲಿ. ಹುಳಿ ಚೆನ್ನಾಗಿತ್ತು, ಹುಣಿಸೆಹಣ್ಣು ಮೊದಲಿನಷ್ಟೇ ಹಾಕಿಕೊಳ್ಳಿ. ಅವತ್ತು ನನಗೇ ಸ್ವಲ್ಪ ತಲೆನೋವಿತ್ತು.

ಡಿಸೆಂಬರಿನಲ್ಲಿ ಜಿಲ್ಲಾ ವಿಜ್ಞಾನ ಪ್ರದರ್ಶನ ಇದೆ. ಅದಕ್ಕೆ ಇಪ್ಪತ್ತು ಮುಖದ್ದು ಒಂದು ಬೇಕಿತ್ತು. ನೀರಿನಲ್ಲಿ ತೇಲಬೇಕು, ಒಂದು ಹನಿಯೂ ಒಳಗೆ ಹೋಗಬಾರದು. ನಕ್ಷೆ ಇದರ ಜೊತೆ ಇಟ್ಟಿದ್ದೇನೆ. ಅವಸರವಿಲ್ಲ. ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡಿ.

ಶ್ರೀವಲ್ಲಿ


ಶಿಡ್ಲಘಟ್ಟ
3 ಜುಲೈ 2024

ಚಿ. ಶ್ರೀವಲ್ಲಿಗೆ ಆಶೀರ್ವಾದಗಳು.

ನೀನು ಕಳಿಸಿದ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಸುತ್ತಿಗೆ ಇಟ್ಟು, ಏಕಸದಸ್ಯ ಆಯೋಗದ ವತಿಯಿಂದ ಪರಿಶೀಲಿಸಲಾಯಿತು. ವರದಿ ಹೀಗಿದೆ.

ನೀನು ಏಳರ ಅಂಕಿ ಬರೆದರೆ ಅದರ ಸೊಂಟಕ್ಕೆ ಅಡ್ಡಪಟ್ಟಿ ಕಟ್ಟುವವಳಲ್ಲ. ಇಲ್ಲಿ ಪ್ರತಿಯೊಂದು ಏಳೂ ಸೊಂಟಪಟ್ಟಿ ಬಿಗಿದು ನಿಂತಿದೆ. ನೀನು ನನಗಾಗಿ ಅಂಗುಲದಲ್ಲಿ ಅಳತೆ ಬರೆಯುವವಳು. ಇಲ್ಲಿ ಮಿಲಿಮೀಟರು. ನಿನ್ನ ಪೆನ್ಸಿಲ್ ಮೆತ್ತನೆಯದು, ಇದು ಮೊಳೆಯಂಥದು. ಸಾವಿರಾರು ಹುಡುಗರ ಡ್ರಾಯಿಂಗ್ ಶೀಟ್ ತಿದ್ದಿದವನಿಗೆ ಕೈ ಗುರುತು ಸಿಗುವುದಿಲ್ಲವೇ? ಒಬ್ಬರದನ್ನು ಒಬ್ಬರು ಬರೆದುಕೊಟ್ಟು ಹಾಜರುಪಡಿಸಿದ್ದನ್ನೆಲ್ಲ ಹಿಡಿದಿದ್ದೇನೆ ನಾನು. ಇದು ನಿನ್ನ ಕೈ ಅಲ್ಲ.

ಇನ್ನೂ ಘೋರವಾದದ್ದು ಮುಂದಿದೆ. ಅಂಚುಗಳಿಗೆಲ್ಲ ಅರ್ಧ ಅಂಗುಲ ಹೆಚ್ಚುವರಿ ಪಟ್ಟಿ ಬಿಟ್ಟಿದ್ದಾರೆ. ಗೀರಿ ಬೆಸೆಯುವ ಕೆಲಸದಲ್ಲಿ ಪಟ್ಟಿ ಯಾರಿಗೆ ಬೇಕು? ಒಂದರ ಮೇಲೊಂದು ಹೇರಿ ಮಡಿಸಿ ಬಡಿಯುವವನಿಗೆ ಬೇಕು. ಅಂದರೆ ಬಕೆಟ್ ಮಾಡುವವನಿಗೆ. ಸಂದೇಹವೇ ಇಲ್ಲ, ಗೌರಿಬಿದನೂರಿನ ಯಾವನೋ ಬಕೆಟ್ಟಿನವನನ್ನು ನೀನು ಹಿಡಿದಿದ್ದೀಯ. ಯಾರಮ್ಮಾ ಅವನು?

ತಪ್ಪು ಅನ್ನುತ್ತಿಲ್ಲ. ಹತ್ತಿರದಲ್ಲಿ ಒಬ್ಬ ಸಿಕ್ಕಿದರೆ ಶಿಡ್ಲಘಟ್ಟದ ಮುದುಕನಿಂದ ಯಾಕೆ ಮಾಡಿಸಬೇಕು. ಆದರೆ ನೇರವಾಗಿ ಹೇಳಬಹುದಿತ್ತು. ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡಿ ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಎರಡು ದಿನ ತಗಡು ಮುಟ್ಟಲಿಲ್ಲ. ನನ್ನ ಕಣ್ಣು ಸರಿಯಾಗಿದೆ ಕಣಮ್ಮ.

ಒಂದೇ ಮಾತು ಹೇಳಿ ಮುಗಿಸುತ್ತೇನೆ. ನಾನು ಡಬ್ಬಿ ಮಾಡುತ್ತೇನೆ, ನೀನು ಬಂದು ಸೇರಿತು ಅಂತ ಕಾಗದ ಬರೆಯುತ್ತೀಯ. ಡಬ್ಬಿ ನಿಂತರೆ ನೀನು ಏನಂತ ಬರೆಯುತ್ತೀಯ? ಪೋಸ್ಟ್‌ಮನ್ ಮುನಿಶಾಮಿ ನಮ್ಮ ವಠಾರಕ್ಕೆ ಸೈಕಲ್ ಇಳಿಯುವುದೇ ಆ ಕಾಗದಕ್ಕೆ. ಅವನಿಗೂ ಕೆಲಸ ಹೋಗುತ್ತದೆ, ನೋಡು.

ಚೆನ್ನಕೇಶವ


ಗೌರಿಬಿದನೂರು
27 ಜುಲೈ 2024

ಪೂಜ್ಯ ಮಾವಯ್ಯನವರಿಗೆ ನಮಸ್ಕಾರಗಳು.

ತಡವಾಯಿತು, ಕ್ಷಮಿಸಿ. ಕಿರುಪರೀಕ್ಷೆ, ಮೌಲ್ಯಮಾಪನ, ಅದೂ ಇದೂ.

ನಿಮ್ಮ ಕಣ್ಣಿನ ಬಗ್ಗೆ ಬರೆದಿದ್ದರಲ್ಲಿ ಏನೂ ಇರಲಿಲ್ಲ. ಸುಮ್ಮನೆ ಎಲ್ಲರೂ ಬರೆಯುವ ಹಾಗೆ ಬರೆದೆ. ಡಬ್ಬಿಯನ್ನು ನೀವೇ ಮಾಡಬೇಕು. ಇನ್ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ.

ನಕ್ಷೆ ನನ್ನದಲ್ಲ ಅನ್ನೋದು ನಿಜ. ನೀವು ಹೇಳಿದ ಹಾಗೇ. ಇಲ್ಲಿ ಬಜಾರಿನಲ್ಲಿ ಎರ್ರಪ್ಪ ಅಂತ ಒಬ್ಬರಿದ್ದಾರೆ, ತಗಡಿನ ಕೆಲಸದವರು. ಬಕೆಟ್, ಟ್ರಂಕು ಎಲ್ಲ ಮಾಡ್ತಾರೆ. ನನಗೆ ಇಪ್ಪತ್ತು ತ್ರಿಕೋನ ಒಂದೇ ಹಾಳೆಯಲ್ಲಿ ಕೂರಿಸೋಕೆ ಬರಲಿಲ್ಲ ಅಂತ ಬರೆದುಕೊಟ್ಟರು. ಅಷ್ಟೇ.

ಆಗಸ್ಟಿನಲ್ಲಿ ಬರೋಕೆ ನೋಡ್ತೀನಿ.

ಶ್ರೀವಲ್ಲಿ


ಶಿಡ್ಲಘಟ್ಟ
31 ಜುಲೈ 2024

ಚಿ. ಶ್ರೀವಲ್ಲಿಗೆ ಅನೇಕಾನೇಕ ಆಶೀರ್ವಾದಗಳು.

ಎರ್ರಪ್ಪನವರಿಗೆ ನನ್ನ ನಮಸ್ಕಾರ ತಿಳಿಸು. ಹಿಂದಿನ ಕಾಗದದಲ್ಲಿ ಅವರನ್ನು ಏಕವಚನದಲ್ಲಿ ಬಕೆಟ್ಟಿನವನು ಎಂದು ಕರೆದದ್ದಕ್ಕೆ ಬೇಷರತ್ ಕ್ಷಮೆ ಕೋರಿದ್ದೇನೆಂದೂ ತಿಳಿಸು. ಬಕೆಟ್ ಎಂದರೆ ಸಾಮಾನ್ಯವಲ್ಲ ಕಣಮ್ಮ. ತಳ ಒಂದು ಅಳತೆ, ಬಾಯಿ ಇನ್ನೊಂದು ಅಳತೆ, ನಡುವೆ ನೀರು ನಿಲ್ಲಬೇಕು. ಈಗ ಎಲ್ಲ ಪ್ಲಾಸ್ಟಿಕ್ಕು. ತಗಡಿನ ಬಕೆಟ್ ಮಾಡುವವರು ಇನ್ನೂ ಇದ್ದಾರೆ ಎಂದು ಕೇಳಿ ನನಗೆ ಸೋದರನೊಬ್ಬ ಸಿಕ್ಕಷ್ಟು ಸಂತೋಷವಾಯಿತು. ಶಿಡ್ಲಘಟ್ಟದಲ್ಲಿ ನಾನು ಯಾರ ಜೊತೆ ತಗಡಿನ ಮಾತಾಡಲಿ? ಎಲ್ಲರಿಗೂ ರೇಷ್ಮೆಗೂಡಿನದೇ ಮಾತು, ಇವತ್ತು ರೇಟು ಎಷ್ಟು, ನಾಳೆ ಎಷ್ಟು.

ಅವರಿಗೆ ಕಾಣಿಕೆಯಾಗಿ ಒಂದು ಕೆರೆಯುವ ಉಳಿ ಕಳಿಸುತ್ತಿದ್ದೇನೆ. ಮುರಿದ ಗರಗಸದ ಬ್ಲೇಡನ್ನು ಕಲ್ಲಿಗೆ ಉಜ್ಜಿ ನಾನೇ ಮಾಡಿದ್ದು, ಅಂಗಡಿಯಲ್ಲಿ ಸಿಗುವುದಿಲ್ಲ. ಇದರಲ್ಲಿ ಗೆರೆಯನ್ನು ಏಳೆಂಟು ಸಲ ಹಗುರವಾಗಿ ಎಳೆದರೆ ಸಾಕು, ತಗಡು ರಟ್ಟಿನ ಹಾಗೆ ಮಡಿಸಿಕೊಳ್ಳುತ್ತದೆ. ಪಟ್ಟಿ ಬಿಡುವ ಚಟ ತಾನಾಗಿ ಬಿಟ್ಟುಹೋಗುತ್ತದೆ.

ಇನ್ನು ಒಂದು ಪ್ರಶ್ನೆ. ಕೊನೆಯ ಮುಖ ಮುಚ್ಚುವಾಗ ಗಾಳಿ ಹೋಗಲು ತೂತು ಎಲ್ಲಿ ಬಿಡುತ್ತಾರೆ ಎಂದು ಕೇಳು. ನಾನು ಮೂಲೆಯಲ್ಲಿ ಬಿಡುತ್ತೇನೆ. ನನ್ನ ಗುರುಗಳು ಮುಖದ ನಡುವೆ ಬಿಡುತ್ತಿದ್ದರು. ಒಬ್ಬೊಬ್ಬ ತಗಡಿನವನದು ಒಂದೊಂದು ಮತ. ಎರ್ರಪ್ಪನವರದು ಯಾವ ಮತ? ಅವರಿಗೆ ಹೆಂಡತಿ ಮಕ್ಕಳು ಎಷ್ಟು? ವಯಸ್ಸೆಷ್ಟು? ಒಂದು ಭಾನುವಾರ ನಿನ್ನ ಜೊತೆ ಕರೆದುಕೊಂಡು ಬಾ. ಹುಳಿ ಮಾಡುತ್ತೇನೆ.

ಚೆನ್ನಕೇಶವ


ಗೌರಿಬಿದನೂರು
18 ಆಗಸ್ಟ್ 2024

ಪೂಜ್ಯ ಮಾವಯ್ಯನವರಿಗೆ ನಮಸ್ಕಾರಗಳು.

ಉಳಿ ತಲುಪಿಸಿದೆ. ತುಂಬ ಹೊತ್ತು ಕೈಯಲ್ಲೇ ಹಿಡಿದು ನೋಡಿದರು. ನಿಮಗೆ ನಮಸ್ಕಾರ ಹೇಳಿದ್ದಾರೆ.

ನಿಮ್ಮ ಪ್ರಶ್ನೆ ಕೇಳಿದೆ. ತೂತೇ ಬೇಡ ಅಂತಾರೆ. ಒಳಗೆ ಗಾಳಿ ಇದ್ದರೇನೇ ಅದು ತೇಲೋದಂತೆ. ಡಬ್ಬಿ ನೀರನ್ನು ಎಷ್ಟು ಪಕ್ಕಕ್ಕೆ ತಳ್ಳುತ್ತೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆ ಒತ್ತುತ್ತಂತೆ. ಅದಕ್ಕೆ ಎಲ್ಲ ಅಂಚನ್ನೂ ಪೂರ್ತಿ ಮುಚ್ಚಿಬಿಟ್ಟರೆ ಆಯಿತಂತೆ.

ವಯಸ್ಸು ನಲವತ್ತರ ಹತ್ತಿರ. ಮದುವೆ ಆಗಿಲ್ಲ.

ಈ ತಿಂಗಳೂ ಬರೋಕಾಗಲಿಲ್ಲ.

ಶ್ರೀವಲ್ಲಿ


(ಅಂಚೆ ಕಾರ್ಡು)
ಶಿಡ್ಲಘಟ್ಟ
21 ಆಗಸ್ಟ್ 2024

ಶ್ರೀವಲ್ಲಿಗೆ,

ದಾರಿ ಬಿಡದಿದ್ದರೆ ಒಳಗಿನ ಗಾಳಿ ಕಾದು ಉಬ್ಬಿ, ಹಸಿ ಬೆಸುಗೆಯನ್ನು ಮುಖಕ್ಕೇ ಉಗಿಯುತ್ತದೆ. ತಗಡಿನವನಾಗಿ ಹುಟ್ಟಿದವನಿಗೆ ಇದು ಮೊದಲನೇ ವಾರದಲ್ಲೇ ಗೊತ್ತಾಗುತ್ತದೆ, ಕೈ ಸುಟ್ಟುಕೊಂಡು. ತಗಡಿನವನು ಗಾಳಿಗೆ ಹೆದರುತ್ತಾನೆ. ಅದರ ಲೆಕ್ಕ ಹಾಕುವವರು ಮೇಷ್ಟ್ರು.

ಎರ್ರಪ್ಪನವರು ಯಾವ ಕ್ಲಾಸಿಗೆ ಪಾಠ ಮಾಡುತ್ತಾರೆ?

ಚೆನ್ನಕೇಶವ


ಗೌರಿಬಿದನೂರು
29 ಸೆಪ್ಟೆಂಬರ್ 2024

ಪೂಜ್ಯ ಮಾವಯ್ಯನವರಿಗೆ,

ಬರೆದು ಬರೆದು ಹರಿದು ಹಾಕಿದೆ. ಇದು ಎಷ್ಟನೆಯದೋ ಗೊತ್ತಿಲ್ಲ.

ಎಂಟು, ಒಂಬತ್ತು, ಹತ್ತು. ಮೂರು ಕ್ಲಾಸಿಗೂ ವಿಜ್ಞಾನ ಮಾಡ್ತಾರೆ. ಎರ್ರಪ್ಪ ಅನ್ನೋರು ಯಾರೂ ಇಲ್ಲ. ಹೆಸರು ನರೇಂದ್ರ. ವಿದುರಾಶ್ವತ್ಥದ ಪಕ್ಕದ ಊರು, ಮನೆಯಲ್ಲಿ ವ್ಯವಸಾಯ, ತೆಲುಗು ಮಾತು, ನಮ್ಮ ಪೈಕಿ ಅಲ್ಲ. ನಕ್ಷೆ ಬರೆದವರು ಅವರೇ. ಜೀವಮಾನದಲ್ಲಿ ಒಂದು ತಗಡೂ ಮುಟ್ಟಿದವರಲ್ಲ. ರಟ್ಟಿನ ಮಾದರಿ ಅಂಟಿಸಿ ಅಭ್ಯಾಸ, ಅದಕ್ಕೆ ಪಟ್ಟಿ ಬಿಟ್ಟಿದ್ದು. ನೀವು ಕಳಿಸಿದ ಉಳಿ ಅವರ ಮೇಜಿನ ಮೇಲಿದೆ. ಬೇರೆ ಯಾರದೋ ವಸ್ತು ಕದ್ದ ಹಾಗೆ ಆಗುತ್ತೆ ಅಂತ ಬಳಸೋದಿಲ್ಲ.

ಫೆಬ್ರವರಿಯಲ್ಲಿ ನನ್ನನ್ನು ಕೇಳಿದರು. ಮೊದಲು ನಮ್ಮ ಮಾವನವರಿಗೆ ಹೇಳಬೇಕು ಅಂದೆ. ಅಂದವಳು ಏಳು ತಿಂಗಳು ಸುಮ್ಮನಿದ್ದೆ. ಅವರು ಮತ್ತೆ ಕೇಳಲಿಲ್ಲ.

ಮೇ ತಿಂಗಳಲ್ಲಿ ಅದನ್ನು ಹೇಳೋಕೇ ಬಂದಿದ್ದೆ. ನಿಮಗೆ ಏನು ಹೇಳಬೇಕಾದರೂ ಕಿವಿ ಹತ್ತಿರ ಕೂಗಬೇಕು. ಅವತ್ತು ಕರೆಂಟು ಹೋಗಿ ಪಕ್ಕದ ಯಂತ್ರ ನಿಂತುಬಿಟ್ಟಿತ್ತು. ನಿಮಗೆ ಅದು ಗೊತ್ತಾಗಲಿಲ್ಲ, ಆದರೆ ವಠಾರವೆಲ್ಲ ಒಂದು ಸೂಜಿ ಬಿದ್ದರೂ ಕೇಳೋ ಹಾಗಿತ್ತು. ಇಂಥ ಮಾತನ್ನ ಕೂಗಿ ಹೇಳೋದು ಹೇಗೆ ಮಾವಯ್ಯ? ಅದೂ ಗಣೇಶ್ ಫೋಟೋ ಕೆಳಗೆ ಕೂತುಕೊಂಡು. ಚೀಟಿಯಲ್ಲಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ನೀವು ಎರಡನೇ ಸಲ ಹುಳಿ ಬಡಿಸೋಕೆ ಬಂದಿರಿ. ನಾನು ಎದ್ದುಬಿಟ್ಟೆ. ತಲೆನೋವು ಇರಲಿಲ್ಲ. ತರಬೇತಿಯೂ ಇರಲಿಲ್ಲ. ನಿಮ್ಮೆದುರು ಇನ್ನೊಂದು ಊಟ ಹಾಗೆ ಮಾಡೋಕೆ ಆಗಲ್ಲ ಅಂತ ಬರಲಿಲ್ಲ.

ನೀವು ಎರ್ರಪ್ಪನನ್ನ ಅಷ್ಟು ಸಂತೋಷದಿಂದ ನಂಬಿದಿರಲ್ಲ, ಅದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳೋ ಹಾಗಾಗುತ್ತೆ.

ನೀವು ಬೇಡ ಅಂದರೆ ಇದು ಆಗೋದಿಲ್ಲ. ದಾಕ್ಷಿಣ್ಯಕ್ಕೆ ಹೇಳ್ತಿರೋದಲ್ಲ. ಗಣೇಶ್ ಹೋದ ಮೇಲೆ ಅಪ್ಪನ ಮನೆಗೆ ಹೋಗು ಅಂತ ಎಲ್ಲರೂ ಅಂದಾಗ, ನೀವು ಮಾತಿಲ್ಲದೆ ನನ್ನ ಬಿ.ಎಡ್. ಪುಸ್ತಕಗಳಿಗೆ ತಗಡಿನ ಪೆಟ್ಟಿಗೆ ಮಾಡಿಕೊಟ್ಟಿರಿ. ನನಗೆ ಈ ಕೆಲಸ ಬಂದಿದ್ದು ಆ ಪೆಟ್ಟಿಗೆಯಿಂದ. ನಾನು ನಿಮ್ಮ ಮನೆಯವಳು ಅಂತಲೇ ಇದುವರೆಗೂ ಎಲ್ಲ ಕಡೆ ಬರೆದಿದ್ದೀನಿ.

ಆಗೋದಾದರೆ ನವೆಂಬರಿನಲ್ಲಿ, ರಿಜಿಸ್ಟರ್ ಮಾಡಿಸಿಕೊಂಡು. ಅವರ ತಾಯಿ ಒಪ್ಪಿದ್ದಾರೆ. ಇನ್ನೊಂದು ವಿಷಯ, ಬರೆಯೋಕೆ ಕೈ ಬರ್ತಿಲ್ಲ. ನನ್ನ ಹೆಸರು ನಿಮ್ಮ ರೇಷನ್ ಕಾರ್ಡಿನಲ್ಲಿದೆ. ಅಲ್ಲಿ ತೆಗೆಸದೆ ಇಲ್ಲಿ ಸೇರಿಸೋಕಾಗಲ್ಲವಂತೆ. ಆಧಾರ್ ನಕಲು, ಒಪ್ಪಿಗೆ ಪತ್ರ ಎರಡೂ ಇದರಲ್ಲಿ ಇಟ್ಟಿದ್ದೀನಿ. ಮನಸ್ಸಿಲ್ಲದಿದ್ದರೆ ಹರಿದು ಹಾಕಿ. ಹರಿದಿರಾ ಅಂತ ನಾನು ಕೇಳೋದಿಲ್ಲ.

ಶ್ರೀವಲ್ಲಿ


ಶಿಡ್ಲಘಟ್ಟ
24 ಅಕ್ಟೋಬರ್ 2024

ಚಿ. ಸೌ. ಶ್ರೀವಲ್ಲಿಗೆ ಮಾವ ಮಾಡುವ ಆಶೀರ್ವಾದಗಳು.

ಉತ್ತರ ತಡವಾಯಿತು. ಕಿರುಪರೀಕ್ಷೆ, ಮೌಲ್ಯಮಾಪನ ಎಂದು ಬರೆಯಲು ನನಗೆ ಅನುಕೂಲವಿಲ್ಲದ್ದರಿಂದ ನಿಜವನ್ನೇ ಬರೆಯುತ್ತೇನೆ. ಮೊದಲ ಒಂಬತ್ತು ದಿನ ಕೋಪ. ಬೇಡ ಅನ್ನುವುದಕ್ಕೆ ನಾನು ಯಾರು ಎಂದು ಒಂದು ವಾಕ್ಯ ಬರೆದು ಹೊಡೆದು ಹಾಕಿದೆ. ಓದುವುದಕ್ಕೆ ದೊಡ್ಡತನದ ಹಾಗಿತ್ತು, ಬರೆಯುವಾಗ ಹಾಗಿರಲಿಲ್ಲ. ಆಮೇಲೆ ಐದಾರು ದಿನ ಎರ್ರಪ್ಪನವರ ಶೋಕ. ನಗಬೇಡ. ಆ ಮನುಷ್ಯ ಬಂದರೆ ಯಾವ ಕುರ್ಚಿಯಲ್ಲಿ ಕೂರಿಸಬೇಕು, ಯಾವ ಕೆಲಸ ತೋರಿಸಬೇಕು ಎಂದೆಲ್ಲ ಯೋಚಿಸಿಟ್ಟಿದ್ದೆ. ಹತ್ತು ಜನರನ್ನು ಸ್ಮಶಾನಕ್ಕೆ ಕಳಿಸಿದವನಿಗೂ ಇಲ್ಲದೇ ಇದ್ದವನು ಹೋದದ್ದನ್ನು ಹೇಗೆ ತಡೆದುಕೊಳ್ಳಬೇಕೆಂದು ಗೊತ್ತಿರಲಿಲ್ಲ.

ಮಾಡಿಕೋ. ಇದಕ್ಕಿಂತ ಚೆನ್ನಾಗಿ ಬರೆಯಲು ನೋಡಿದೆ, ಬರಲಿಲ್ಲ.

ಮದುವೆಯ ದಿನ ನಾನು ಬರುವುದಿಲ್ಲ. ಮುನಿಸೆಂದು ತಿಳಿಯಬೇಡ. ನಾನು ನಿಂತಿದ್ದರೆ ಅವರ ಕಡೆಯವರೆಲ್ಲ ನನ್ನ ಮುಖ ನೋಡುತ್ತಾರೆ, ಇವನು ಅಳುತ್ತಾನೋ ಇಲ್ಲವೋ ಎಂದು. ಅವತ್ತು ಅವರು ನಿನ್ನ ಮುಖ ನೋಡಲಿ.

ಇಪ್ಪತ್ತು ಮುಖದ್ದು ಮುಗಿದಿದೆ, ರಮೇಶ್‌ಬಾಬು ತರುತ್ತಾರೆ. ಪೂರ್ತಿ ಆರಿದ ಮೇಲೆ ತೂತನ್ನು ಒಂದೇ ಹನಿ ಬೆಸುಗೆಯಲ್ಲಿ ಮುಚ್ಚಿದೆ. ತೇಲುತ್ತದೆ. ನರೇಂದ್ರ ಅವರಿಗೆ ಉಳಿ ಅವರದ್ದೇ ಎಂದು ಹೇಳು. ಮೊದಲು ಹಳೇ ಡಬ್ಬದ ಮುಚ್ಚಳದ ಮೇಲೆ ಗೀರಿ ಕಲಿಯಲಿ, ಹಿತ್ತಾಳೆ ಹಾಳು ಮಾಡುವುದು ಬೇಡ.

ಸೋಮವಾರ ತಾಲ್ಲೂಕು ಕಚೇರಿಗೆ ಹೋಗಿದ್ದೆ. ಕಂಪ್ಯೂಟರಿನ ಮುಂದೆ ಸಂಘಮಿತ್ರ ಎಂಬ ಹುಡುಗಿ ಕೂತಿದ್ದಳು, ಕೊರಳಿನ ಪಟ್ಟಿಯಲ್ಲಿ ಹೆಸರಿತ್ತು. ಕಿವಿ ಕೇಳುವುದಿಲ್ಲ ಎಂದು ಸನ್ನೆ ಮಾಡಿದೆ. ಬೇಸರ ಮಾಡಿಕೊಳ್ಳದೆ ಒಂದೊಂದನ್ನೂ ಚೀಟಿಯಲ್ಲಿ ಬರೆದು ಕೇಳಿದಳು. ಹೆಸರು ತೆಗೆಸಲು ಕಾರಣ ಏನು, ಮರಣವೋ ಮದುವೆಯೋ? ಅದೇ ಕಿಟಕಿಗೆ ನಾನು ಹಿಂದೆ ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಮೊದಲನೆಯದಕ್ಕೆ. ಈ ಸಲ ಎರಡನೆಯದರ ಮೇಲೆ ಬೆರಳಿಟ್ಟೆ.

ಅವಳು ಬರೆದಳು: "ಮಗಳಾ ತಾತ? ಎಲ್ಲಿಗೆ ಕೊಟ್ರಿ?"

"ಗೌರಿಬಿದನೂರಿಗೆ" ಅಂದೆ.

ಆಮೇಲೆ ಅವಳು ಪರದೆ ನೋಡಿದಳು. ಅಲ್ಲಿ ನಿನ್ನ ಹೆಸರಿನ ಕೆಳಗೆ ನಾನು ಇದ್ದೆ, ಸಂಬಂಧ: ಮಾವ. ನನ್ನನ್ನೊಮ್ಮೆ ನೋಡಿದಳು, ಮತ್ತೆ ಪರದೆ ನೋಡಿದಳು. ಚೀಟಿ ವಾಪಸ್ ಎಳೆದುಕೊಂಡು ಇನ್ನೊಂದು ಸಾಲು ಬರೆದಳು: "ಹುಡುಗ ಒಳ್ಳೆಯವರಾ?"

ನಾನು ಸ್ವಲ್ಪ ಜೋರಾಗಿಯೇ ಹೇಳಿರಬೇಕು, ಹಿಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. "ಮೇಷ್ಟ್ರು ಕಣಮ್ಮ. ನಾನು ನೋಡಿಲ್ಲ. ನಮ್ಮ ಸೊಸೆ ಒಪ್ಪಿದಾಳೆ" ಅಂದೆ.

ಹೆಸರು ತೆಗೆದ ಪತ್ರ ಇದರೊಳಗಿದೆ, ಮಳೆಗೆ ನೆನೆಸಬೇಡ. ನಿಮ್ಮತ್ತೆ ಹೋದ ಮೇಲೆ ಸರ್ಕಾರದ ನಿಯಮದಂತೆ ಆ ಕಾರ್ಡಿಗೆ ನೀನೇ ಯಜಮಾನಿಯಾಗಿದ್ದೆ. ಈಗ ಹೊಸದು ಕೊಟ್ಟಿದ್ದಾರೆ. ಅರವತ್ತೆಂಟನೇ ವಯಸ್ಸಿನಲ್ಲಿ ನನಗೆ ಬಡ್ತಿ ಸಿಕ್ಕಿದೆ ಕಣಮ್ಮ. ಕುಟುಂಬದ ಮುಖ್ಯಸ್ಥ: ಚೆನ್ನಕೇಶವ. ಅದರ ಕೆಳಗೆ ಖಾಲಿ. ಯಾರಿಗೆ ಮುಖ್ಯಸ್ಥ ಎಂದು ಕಂಪ್ಯೂಟರು ಕೇಳಲಿಲ್ಲ.

ನಿನ್ನ ಮಾವ